ಹ್ಯಾಲೋವೀನ್‌ಗೆ ಸೇಲಂ: ನಮ್ಮನೆ ಎಕ್ಸೆಲ್ ಶೀಟಿನ ಕಥೆ

ನಮ್ಮನೇಲಿ ಯಾವ ಪ್ರವಾಸವೂ ಬ್ಯಾಗ್ ತುಂಬೋದರಿಂದ ಶುರುವಾಗಲ್ಲ, ಎಕ್ಸೆಲ್ ಶೀಟಿನಿಂದ ಶುರುವಾಗುತ್ತೆ. ಕಳೆದ ವರ್ಷ ಧರ್ಮಸ್ಥಳ, ಕುಕ್ಕೆಗೆ ಹೋಗಿ ಬರೋದಕ್ಕೂ ಮೂರು ಟ್ಯಾಬ್ ಇರೋ ಶೀಟ್ ಮಾಡಿದ್ದೆ. ಹೆಂಡತಿ ಅದನ್ನ 'ನಿನ್ನ ಪಂಚಾಂಗ' ಅಂತಾಳೆ. ಆಫೀಸಲ್ಲಿ ರಿಲೀಸ್ ಪ್ಲಾನ್ ಮಾಡಿ ಮಾಡಿ ಅಂಟಿರೋ ಚಟ, ಬಿಡಲ್ಲ.

ಈ ಸಲದ ಶೀಟಿನ ಹೆಸರು 'ಸೇಲಂ, ಅಕ್ಟೋಬರ್ 2026'. ಅಕ್ಕ, ಭಾವ ಬಾಸ್ಟನ್ ಪಕ್ಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದಾರೆ. ಅವರ ಮಗನಿಗೆ ಈಗ ಎಂಟು ವರ್ಷ. ಅವನ ಬಾಣಂತನಕ್ಕೆ ಹೋದಾಗ ಅಮ್ಮನಿಗೆ ಹತ್ತು ವರ್ಷದ ವೀಸಾ ಸಿಕ್ಕಿತ್ತು, ಇನ್ನೂ ಮುಗಿದಿಲ್ಲ. ನಮ್ಮಿಬ್ಬರದ್ದೂ ಆಫೀಸ್ ಕೆಲಸಕ್ಕೆ ಅಂತ ಮಾಡಿಸಿದ್ದು ಹಾಗೇ ಇದೆ. 'ಮಾಮ, ಈ ವರ್ಷ ಹ್ಯಾಲೋವೀನ್‌ಗೆ ನೀವೆಲ್ಲ ಬರ್ಲೇಬೇಕು, ಸೇಲಂಗೆ ಹೋಗೋಣ' ಅಂತ ಅವನು ಯುಗಾದಿ ದಿನದಿಂದ ಹಟ ಹಿಡಿದಿದ್ದ.

ನಾನು ಊಟದ ಹೊತ್ತಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಮುದ್ದೆ ಮುರಿಯುತ್ತಾ, 'ಸೇಲಂಗಾ? ಅದಕ್ಕೆ ಅಮೆರಿಕಾಗೆ ಯಾಕೋ ಹೋಗಬೇಕು, ಇಲ್ಲಿಂದಾನೇ ಬಸ್ಸಿದೆಯಲ್ಲ' ಅಂದಳು. ಅಮ್ಮನ ಲೆಕ್ಕ ತಪ್ಪಲ್ಲ. ಹೊಸೂರು, ಧರ್ಮಪುರಿ ದಾಟಿದರೆ ನಮ್ಮ ಪಾಲಿನ ಸೇಲಂ, ಮಾವಿನಹಣ್ಣಿನ ಸೇಲಂ. ಇದು ಬೇರೆ ಸೇಲಂ, ಮ್ಯಾಸಚೂಸೆಟ್ಸ್ ರಾಜ್ಯದ್ದು, ಬಾಸ್ಟನ್‌ನಿಂದ ರೈಲಲ್ಲಿ ಅರ್ಧ ಗಂಟೆ, ಹೆಸರು ಹೀಬ್ರೂ ಮೂಲದ್ದು, 'ಶಾಂತಿ' ಅಂತ ಅರ್ಥ ಅಂತೆಲ್ಲ ಹೇಳಿದೆ. 'ಏನಿದೆ ಅಲ್ಲಿ?' ಅಂದಳು. 'ದೆವ್ವದ ಹಬ್ಬ' ಅಂದೆ. 'ದೆವ್ವ ನೋಡಕ್ಕೆ ಅಷ್ಟು ದುಡ್ಡಾ!' ಅಂದು ಇನ್ನೊಂದು ಸೌಟು ಸಾರು ಹಾಕಿಕೊಂಡಳು. ಅಲ್ಲಿಗೆ ಒಪ್ಪಿಗೆ ಸಿಕ್ಕಿತು ಅಂತಲೇ ನಾನು ತಿಳಿದುಕೊಂಡೆ.

ಹ್ಯಾಲೋವೀನ್ ಅಂದ್ರೆ ಏನು ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ನಾವಿರೋದು ಮಾಕಳಿ, ತುಮಕೂರು ರಸ್ತೆಯಲ್ಲಿ ಮಾದಾವರ ಮೆಟ್ರೋ ದಾಟಿ ಸ್ವಲ್ಪ ಮುಂದೆ, ಹಿಮಾಲಯ ಕಂಪನಿ ಇರೋ ಊರು. ಇಲ್ಲಿನ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲೂ ಕಳೆದ ಅಕ್ಟೋಬರ್ 31ಕ್ಕೆ 'ಮಕ್ಕಳು ಬಂದರೆ ಚಾಕೊಲೇಟ್ ಕೊಡಿ' ಅಂತ ಮೆಸೇಜ್ ಬಂದಿತ್ತು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಬೆಲ್ ಒತ್ತಿದ ಅದೇ ಮಕ್ಕಳು ಮಾರನೇ ಬೆಳಗ್ಗೆ ಕೆಂಪು ಹಳದಿ ಶಾಲು ಹೊದ್ದು ರಾಜ್ಯೋತ್ಸವದ ಬಾವುಟ ಹಾರಿಸಿದರು. ಒಬ್ಬಳ ಕಿವಿ ಹಿಂದೆ ಬಿಳಿ ಬಣ್ಣ ಇನ್ನೂ ಹಾಗೇ ಇತ್ತು.

ಆದರೆ ಸೇಲಂ ಹಬ್ಬ ಈ ಅಳತೆಯದ್ದಲ್ಲ. ಸುಮಾರು 44 ಸಾವಿರ ಜನ ಇರೋ ಊರು. ಅಕ್ಟೋಬರ್ ಒಂದೇ ತಿಂಗಳಲ್ಲಿ ಅಲ್ಲಿಗೆ ಹತ್ತು ಲಕ್ಷಕ್ಕೂ ಮೀರಿ ಜನ ಬರ್ತಾರೆ. 1982ರಲ್ಲಿ ಚಿಕ್ಕದಾಗಿ ಶುರುವಾದ 'ಹಾಂಟೆಡ್ ಹ್ಯಾಪನಿಂಗ್ಸ್' ಈಗ ತಿಂಗಳಿಡೀ ನಡೆಯುತ್ತೆ. ಮೆರವಣಿಗೆ, ಬೀದಿ ಸಂತೆ, ರಾತ್ರಿ ಲಾಟೀನು ಹಿಡಿದು ದೆವ್ವದ ಕಥೆ ಹೇಳಿಸಿಕೊಂಡು ನಡೆಯೋ ಟೂರು, 31ರ ರಾತ್ರಿ ಪಟಾಕಿ. ಊರಿಗೆ 'ವಿಚ್ ಸಿಟಿ' ಅಂತಲೇ ಅಡ್ಡಹೆಸರು. ಪೊಲೀಸರ ತೋಳಿನ ಬ್ಯಾಡ್ಜ್ ಮೇಲೆ ಪೊರಕೆ ಏರಿದ ಮಾಟಗಾತಿಯ ಚಿತ್ರ. ಹೈಸ್ಕೂಲ್ ತಂಡದ ಹೆಸರೂ 'ವಿಚಸ್'.

ಹೋಗೋ ಯೋಚನೆ ಇರೋರಿಗೆ ನನ್ನ ಶೀಟಿನಿಂದ ಒಂದೆರಡು ವಿಷಯ. ಕಾರು ಬೇಡ. ಅಕ್ಟೋಬರ್ ವೀಕೆಂಡಲ್ಲಿ ಪಾರ್ಕಿಂಗ್ ಬೆಳಗ್ಗೆಯೇ ತುಂಬಿಹೋಗುತ್ತೆ, ನಡುವಿನ ರಸ್ತೆಗಳನ್ನ ಮುಚ್ಚಿರ್ತಾರೆ, ರೈಲಲ್ಲಿ ಬನ್ನಿ ಅಂತ ಊರಿನವರೇ ಕೇಳ್ಕೋತಾರೆ. ರೈಲು ಹೊರಡೋದು ಬಾಸ್ಟನ್‌ನ ನಾರ್ತ್ ಸ್ಟೇಷನ್ನಿಂದ. ಆದರೆ ಅಕ್ಕನ ಊರಿನ ರೈಲು ಬರೋದು ಸೌತ್ ಸ್ಟೇಷನ್ನಿಗೆ, ಎರಡರ ನಡುವೆ ನೇರ ರೈಲಿಲ್ಲ! ಹಾಗಾಗಿ ಬ್ಯಾಕ್ ಬೇನಲ್ಲೇ ಇಳಿದು ಆರೆಂಜ್ ಲೈನ್ ಮೆಟ್ರೋ ಹಿಡಿದು ನಾರ್ತ್ ಸ್ಟೇಷನ್ ಸೇರಬೇಕು. ಮೆಜೆಸ್ಟಿಕ್‌ನಲ್ಲಿ ಹಸಿರಿಂದ ನೇರಳೆಗೆ ಓಡೋ ನಮಗೆ ಇದೇನೂ ಕಷ್ಟ ಅಲ್ಲ. ಹೋಟೆಲ್ ರೂಮುಗಳನ್ನ ಜನ ವರ್ಷ ಮೊದಲೇ ಹಿಡಿದಿರ್ತಾರೆ, ಹಾಗಾಗಿ ಉಳಿಯೋ ಆಸೆ ಬಿಟ್ಟು ಬೆಳಗ್ಗೆ ಹೋಗಿ ಸಂಜೆ ಬರೋದು ವಾಸಿ. ಎಲ್ಲಕ್ಕಿಂತ ಮುಖ್ಯ, ಈ ವರ್ಷ ಅಕ್ಟೋಬರ್ 31 ಬಿದ್ದಿರೋದು ಶನಿವಾರ. ಇಡೀ ಅಮೆರಿಕಾಗೆ ರಜಾ. ಆ ದಿನದ ಕಾಲಂಗೆ ಕೆಂಪು ಬಣ್ಣ ಹಾಕಿದ್ದೆ. ಆದರೂ ಹಬ್ಬ ಅಂದಮೇಲೆ ಹಬ್ಬದ ದಿನವೇ ಹೋಗಬೇಕು ಅಂತ ನನ್ನದೂ ಹೆಂಡತಿಯದೂ ಒಮ್ಮತ ಇತ್ತು. ಇಲ್ಲಿವರೆಗೆ ಎಲ್ಲ ಸರಿಯಾಗೇ ಇತ್ತು.

ಆಮೇಲೆ ಒಂದು ಭಾನುವಾರ ಬೆಳಗ್ಗೆ ವಿಡಿಯೋ ಕಾಲ್. ಅಳಿಯರಾಯ ಯಾರ್ಯಾರಿಗೆ ಯಾವ ವೇಷ ಅಂತ ಪಟ್ಟಿ ಮಾಡಿದ್ದ. ಅವನು ಅಸ್ಥಿಪಂಜರ, ನಾನು ಡ್ರಾಕುಲಾ, ನನ್ನ ಹೆಂಡತಿ ಕಪ್ಪು ಬೆಕ್ಕು. ಕೊನೇಲಿ ಕ್ಯಾಮೆರಾ ಹತ್ತಿರ ಮುಖ ತಂದು, 'ಅಜ್ಜಿ, ನೀನು ವಿಚ್. ನಿಂಗೆ ಕೂದಲು ಬೆಳ್ಳಗಿದೆಯಲ್ಲ, ವಿಗ್ ಬೇಡ, ಬರೀ ಟೋಪಿ ಸಾಕು, ನಾನು ಕೊಡಿಸ್ತೀನಿ' ಅಂದ. ನಾವೆಲ್ಲ ನಕ್ಕೆವು. ಅಮ್ಮನೂ ನಕ್ಕಳು. 'ವಿಚ್ ಅಂದ್ರೆ ಏನೇ?' ಅಂತ ಅಕ್ಕನನ್ನ ಕೇಳಿದಳು. ಅಕ್ಕ ಅನ್ನಕ್ಕೆ ನೀರಿಡುತ್ತಾ ಅತ್ತ ತಿರುಗಿಕೊಂಡೇ, 'ಮಾಟಗಾತಿ ಅಮ್ಮ' ಅಂದಳು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಫೋನ್ ನನ್ನ ಕೈಗೆ ಬಂತು. ಏನೋ ಒಲೆ ಮೇಲಿರಬೇಕು ಅಂದುಕೊಂಡೆ. ಒಲೆ ಮೇಲೆ ಏನೂ ಇರಲಿಲ್ಲ.

ಮಧ್ಯಾಹ್ನ ಅಮ್ಮ ಹೇಳಿದ್ದು ಇಷ್ಟೇ: 'ನೀವು ಹೋಗಿ ಬನ್ನಿ. ನಾನು ಅಕ್ಕನ ಮನೇಲೇ ಇರ್ತೀನಿ. ಪಕ್ಕದಲ್ಲೇ ಆಶ್‌ಲ್ಯಾಂಡ್ ಲಕ್ಷ್ಮಿ ದೇವಸ್ಥಾನ ಇದೆಯಲ್ಲ.'

ನಮ್ಮಮ್ಮ ದೆವ್ವಕ್ಕೆ ಹೆದರೋ ಪೈಕಿ ಅಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ 'ನಾಳೆ ಬಾ' ಗಾಳಿ ಬೀಸಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ರಾತ್ರಿ ದೆವ್ವ ಬಂದು ಮನೆಯವರ ದನೀಲೇ ಕರೆಯುತ್ತೆ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತೆ, ಪಾಪ, ದಿನಾ ಬಂದು ದಿನಾ ಹೋಗುತ್ತೆ. 2018ರ 'ಸ್ತ್ರೀ' ಸಿನಿಮಾದವರು ಇದೇ ಥರದ ಕಥೆ ಇಟ್ಟುಕೊಂಡು ದುಡ್ಡು ಮಾಡಿದರು. ಆಗ ಮಾಕಳಿ ಹಳ್ಳಿಯೇ, ಬೀದಿಗೆ ಬೀದಿಯೇ ಸೀಮೆಸುಣ್ಣದಲ್ಲಿ ಬರೆದುಕೊಂಡಿತ್ತಂತೆ. ನಮ್ಮಮ್ಮ ಒಬ್ಬಳೇ ಬರೆದಿರಲಿಲ್ಲ. 'ಓದೋಕೆ ಬರೋ ದೆವ್ವ ಆದ್ರೆ ನಿಮ್ಮಪ್ಪನ ಜೊತೆ ಫ್ಯಾಕ್ಟರಿ ಕೆಲಸಕ್ಕೆ ಹೋಗ್ಲಿ' ಅಂದಿದ್ದಳು ಅಂತ ಅಪ್ಪ ಇದ್ದಾಗ ನೂರು ಸಲ ಹೇಳ್ತಿದ್ದರು. ಅಂಥ ಅಮ್ಮ ಒಂದು ಟೋಪಿಗೆ ಯಾಕೆ ಎದ್ದು ಹೋದಳು?

ರಾತ್ರಿ ಪಾತ್ರೆ ತೊಳೆದ ಮೇಲೆ ಅವಳೇ ಬಂದು ಕೂತಳು. 'ನಿಂಗೆ ಏರಿ ಅಜ್ಜಿ ನೆನಪಿದೆಯಾ?' ಅಂದಳು.

ನೆನಪಿಲ್ಲದೆ ಏನು. ಅಮ್ಮನ ತವರು ಕುಣಿಗಲ್ ಕಡೆ ಒಂದು ಹಳ್ಳಿ. ಬೇಸಿಗೆ ರಜಕ್ಕೆ ಅಲ್ಲಿಗೆ ಹೋದರೆ ಮಕ್ಕಳಿಗೆಲ್ಲ ಇದ್ದ ಒಂದೇ ಭಯ ಅಂದ್ರೆ ಕೆರೆ ಏರಿ ಕೆಳಗಿನ ಶೀಟು ಮನೆಯ ಮುದುಕಿ. ಅವಳು ಮಾಟ ಮಾಡ್ತಾಳೆ, ಅವಳ ಕಣ್ಣು ಬಿದ್ದರೆ ಹಸು ಹಾಲು ಬತ್ತುತ್ತೆ, ಅವಳ ಮನೆ ಮುಂದೆ ಉಸಿರು ಬಿಟ್ಟರೆ ಜ್ವರ ಬರುತ್ತೆ. ನಾವು ಉಸಿರು ಬಿಗಿಹಿಡಿದು ಆ ಜಾಗ ದಾಟ್ತಿದ್ವಿ. ನನಗೆ ಎಂಟು ವರ್ಷ ಇದ್ದಾಗ ಮಾವನ ಮಕ್ಕಳ ಜೊತೆ ಪಂದ್ಯ ಕಟ್ಟಿ ಅವಳ ಶೀಟಿನ ಮೇಲೆ ಕಲ್ಲೆಸೆದು ಓಡಿದ್ದೆ. ಅವಳು ಹೊರಗೆ ಬಂದು ಕೈ ಎತ್ತಿ ಏನೋ ಕೂಗಿದಳು. ಮಾರನೇ ದಿನ ನನಗೆ ನಿಜವಾಗ್ಲೂ ಜ್ವರ ಬಂತು. ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಊರಲ್ಲಿ ಅದು ದೊಡ್ಡ ಸುದ್ದಿ. ಬೆಂಗಳೂರಿಂದ ಬಂದ ಹುಡುಗನಿಗೂ ಬಿಡಲಿಲ್ಲ ನೋಡಿ ಅಂತ.

'ಅವಳು ನಮ್ಮಪ್ಪನ ತಂಗಿ ಕಣೋ' ಅಂದಳು ಅಮ್ಮ. 'ನನ್ನ ಸ್ವಂತ ಸೋದರತ್ತೆ.'

ನನಗೆ ಮೂವತ್ತೊಂದು ವರ್ಷ. ಈ ಮಾತು ಮೊದಲ ಸಲ ಕೇಳಿದ್ದು ಅವತ್ತೇ.

ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಹೋಗಿ ತವರಿಗೆ ಬಂದವಳು. ಅವಳ ಅಪ್ಪ ಜೀವನಕ್ಕೆ ಇರಲಿ ಅಂತ ಇಪ್ಪತ್ತು ಗುಂಟೆ ಬಿಟ್ಟುಕೊಟ್ಟಿದ್ದ. ಕಾಮಾಲೆಗೆ ಬೇರು ಅರೆದು ಕೊಡ್ತಿದ್ದಳು, ಮಕ್ಕಳ ಹೊಟ್ಟೆನೋವಿಗೆ ಕಷಾಯ ಕಾಯಿಸ್ತಿದ್ದಳು, ಊರೆಲ್ಲ ಅವಳ ಹತ್ತಿರ ಬರ್ತಿತ್ತು. ಒಂದು ವರ್ಷ ಪಕ್ಕದ ಹೊಲದವರ ಜೊತೆ ಬದುವಿನ ಜಗಳ ಆಯ್ತು. ಅದೇ ವರ್ಷ ಅವರ ಮನೆಯ ಕೂಸು, ಇವಳ ಕಷಾಯ ಕುಡಿದ ಕೂಸು, ತೀರಿಕೊಂಡಿತು. ಯಾವ ಜ್ವರವೋ ಏನೋ, ಆಸ್ಪತ್ರೆಗೆ ಯಾರೂ ತೋರಿಸಿರಲಿಲ್ಲ. ಅಷ್ಟೇ. ಯಾರೂ ಹೊಡೀಲಿಲ್ಲ, ಬಡೀಲಿಲ್ಲ. ಬಾವಿ ಹತ್ತಿರ ಇವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಟುಬಿಡೋರು. ಮದುವೆ ಮನೆಗೆ ಕರೆಯಲಿಲ್ಲ. ಕೊನೆಗೆ ನಮ್ಮ ತಾತನೇ, ಅವಳ ಸ್ವಂತ ಅಣ್ಣನೇ, 'ಮನೇಲಿ ಹೆಣ್ಣುಮಕ್ಕಳಿಗೆ ಸಂಬಂಧ ಬರಲ್ಲ' ಅಂತ ಏರಿ ಕೆಳಗೆ ಒಂದು ಶೀಟು ಹಾಕಿಸಿ ಕೊಟ್ಟ. ಹೆಣ್ಣುಮಕ್ಕಳು ಅಂದ್ರೆ ಅಮ್ಮ, ದೊಡ್ಡಮ್ಮ. 'ನನ್ನ ಮದುವೆ ಆಗಲಿ ಅಂತ ಅವಳನ್ನ ಆಚೆ ಹಾಕಿದ್ರು' ಅಂದಳು ಅಮ್ಮ. ಅಳಲಿಲ್ಲ. ಸೀರೆ ಸೆರಗಲ್ಲಿ ಮೇಜು ಒರೆಸುತ್ತಾ ಹೇಳಿದಳು, ಮೇಜು ಆಗಲೇ ಒರೆಸಿ ಆಗಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದುವರೆಗೆ ರೈಲು, ಟಿಕೆಟು ಅಂತ ಮಾತ್ರ ಹುಡುಕಿದ್ದವನು ಸೇಲಂನಲ್ಲಿ ನಿಜಕ್ಕೂ ಏನಾಯಿತು ಅಂತ ಓದೋಕೆ ಕೂತೆ. ಅಲ್ಲಿವರೆಗೆ ನನ್ನ ಶೀಟಲ್ಲಿ ಅದಕ್ಕೆ ಇದ್ದದ್ದು 'ವಿಚ್ ಟ್ರಯಲ್ಸ್ ಮ್ಯೂಸಿಯಂ, 45 ನಿಮಿಷ' ಅನ್ನೋ ಒಂದು ಸಾಲು.

1692ನೇ ಇಸವಿ. ಪಾದ್ರಿಯ ಮನೆಯ ಒಂಬತ್ತು ವರ್ಷದ ಹುಡುಗಿ, ಅವಳ ಜೊತೆಗೇ ಬೆಳೆಯುತ್ತಿದ್ದ ಹನ್ನೊಂದರ ಇನ್ನೊಬ್ಬಳು, ಇವರಿಗೆ ಮೈ ನಡುಗೋ, ಕಿರುಚೋ ಕಾಯಿಲೆ ಬಂತು. ಯಾರು ಮಾಡಿದ್ದು ಹೇಳಿ ಅಂತ ದೊಡ್ಡವರು ಕೂತು ಕೇಳಿದರು. ಮಕ್ಕಳು ಹೆಸರು ಹೇಳಿದರು. ಮೊದಲು ಸಿಕ್ಕಿಬಿದ್ದ ಮೂವರಲ್ಲಿ ಒಬ್ಬಳು ಟಿಟುಬಾ, ಅದೇ ಪಾದ್ರಿ ಮನೆಯ ಗುಲಾಮಳು. ಇನ್ನೊಬ್ಬಳು ಸಾರಾ ಗುಡ್, ಮನೆ ಮನೆ ಬೇಡಿ ತಿನ್ನೋ ಹೆಂಗಸು. ಇಲ್ಲ ಅಂದ ಮನೆಯಿಂದ ಅವಳು ಗೊಣಗುತ್ತಾ ಹೋಗ್ತಿದ್ದಳು, ಆ ಗೊಣಗಾಟವೇ ಶಾಪ ಅಂತ ಸಾಕ್ಷಿ ಹೇಳಿದರು. ಅವಳ ನಾಲ್ಕೈದು ವರ್ಷದ ಮಗಳನ್ನೂ ಜೈಲಿಗೆ ಹಾಕಿ ಸಂಕೋಲೆ ತೊಡಿಸಿದರು. ರೆಬೆಕಾ ನರ್ಸ್ ಅಂತ 71 ವರ್ಷದ ಮುದುಕಿ, ದೈವಭಕ್ತೆ. ಅವರ ಕುಟುಂಬಕ್ಕೂ ಬೇರೆಯವರಿಗೂ ಜಮೀನಿನ ಗಡಿ ವಿಷಯಕ್ಕೆ ತಕರಾರಿತ್ತು. ಜ್ಯೂರಿಯವರು ಮೊದಲು ಅವಳು ನಿರಪರಾಧಿ ಅಂತಲೇ ಹೇಳಿದ್ದರು. ಇನ್ನೊಮ್ಮೆ ಯೋಚಿಸಿ ಅಂತ ನ್ಯಾಯಾಧೀಶರು ವಾಪಸ್ ಕಳಿಸಿದರು. ಅವಳನ್ನ ಒಂದು ಪ್ರಶ್ನೆ ಕೇಳಿದಾಗ ಕಿವಿ ಮಂದವಾಗಿದ್ದರಿಂದ ಅವಳು ಉತ್ತರ ಕೊಡಲಿಲ್ಲ. ತೀರ್ಪು ಬದಲಾಯಿತು.

ಬದುವಿನ ಜಗಳ, ಒಂಟಿ ಹೆಂಗಸು, ಕಾಯಿಲೆ ಬಿದ್ದ ಮಗು. ನಾನು ಕುಣಿಗಲ್ ಪಕ್ಕದ ಊರಿನ ಕಥೆಯನ್ನೇ ಇಂಗ್ಲಿಷಲ್ಲಿ ಓದ್ತಾ ಇದ್ದೆ.

150ಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಂತು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ 19 ಜನರನ್ನ ನೇಣಿಗೆ ಹಾಕಿದರು, 14 ಹೆಂಗಸರು, 5 ಗಂಡಸರು. ಜೈಲ್ಸ್ ಕೋರಿ ಅನ್ನೋ ಎಂಬತ್ತರ ಮುದುಕ ವಿಚಾರಣೆಗೇ ಒಪ್ಪಲಿಲ್ಲ ಅಂತ ಎದೆ ಮೇಲೆ ಕಲ್ಲು ಹೇರಿ ಸಾಯಿಸಿದರು. ಜೈಲಲ್ಲೇ ಕಡೇಪಕ್ಷ ಐದು ಜನ ಸತ್ತರು. ಕನಸಲ್ಲಿ ಬಂದಳು, ಅವಳ ರೂಪ ಬಂದು ನನ್ನ ಗಿಂಡಿತು ಅನ್ನೋದನ್ನೂ ಕೋರ್ಟು ಸಾಕ್ಷಿ ಅಂತ ತಗೊಂಡಿತ್ತು. ಇದಕ್ಕೂ ಹ್ಯಾಲೋವೀನ್‌ಗೂ ಸಂಬಂಧವೇ ಇರಲಿಲ್ಲ. ಆ ಊರಿನ ಪ್ಯೂರಿಟನ್ ಜನ ಇಂಥ ಹಬ್ಬ ಮಾಡ್ತಾನೇ ಇರಲಿಲ್ಲ. ಹ್ಯಾಲೋವೀನ್ ಬೆಳೆದದ್ದು ಆಮೇಲೆ, ಐರ್ಲೆಂಡ್ ಕಡೆಯಿಂದ ಬಂದ ವಲಸಿಗರ ಜೊತೆ. ಪ್ರವಾಸಿಗರು ಬರ್ತಾರೆ ಅಂತ ಗೊತ್ತಾದ ಮೇಲೆ ಊರು ಎರಡನ್ನೂ ಗಂಟು ಹಾಕಿಕೊಂಡಿತು. ಇನ್ನೊಂದು ವಿಷಯ, ಆ ಮಕ್ಕಳ ಮನೆ ಇದ್ದ ಸೇಲಂ ವಿಲೇಜ್ ಈಗ ಡ್ಯಾನ್ವರ್ಸ್ ಅನ್ನೋ ಬೇರೆ ಊರು. ಅಲ್ಲಿಗೆ ಹೋಗೋರು ಕಮ್ಮಿ.

ನಮ್ಮ ಕಡೆಯೂ ಇದು ಮುಗಿದ ಕಥೆ ಅಂದುಕೊಳ್ಳಬೇಡಿ. ಕಲಬುರಗಿ, ಬೀದರ್ ಕಡೆಯ ಸ್ನೇಹಿತರನ್ನ ಕೇಳಿ, ಬಾಣಾಮತಿ ಅಂದ್ರೆ ಏನು ಅಂತ ಹೇಳ್ತಾರೆ. ಅಮಾನವೀಯ ಆಚರಣೆ, ವಾಮಾಚಾರ ತಡೆಯೋಕೆ ನಮ್ಮ ರಾಜ್ಯ 2017ರಲ್ಲಿ ಕಾಯ್ದೆ ಮಾಡಿತು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಬಾವಿ ಹತ್ತಿರ ಕೊಡ ಎತ್ತಿಕೊಂಡು ಹೊರಟುಹೋಗೋದಕ್ಕೆ ಯಾವ ಸೆಕ್ಷನ್ ಹಾಕ್ತೀರಿ ಅನ್ನೋದು ಬೇರೆ ಮಾತು.

ಮುಂದಿನ ಭಾನುವಾರ ಇದನ್ನೆಲ್ಲ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಕೋಸು ಹೆಚ್ಚುತ್ತಾ ಕೇಳಿಸಿಕೊಂಡಳು. ಮಧ್ಯೆ ಎರಡೇ ಪ್ರಶ್ನೆ. 'ಆ ಮಕ್ಕಳು ಆಮೇಲೆ ಏನಾದರು?' ಅಂದಳು. ಆನ್ ಪಟ್ನಮ್ ಅಂತ, ಆಗ ಹನ್ನೆರಡು ವರ್ಷದವಳು, ತುಂಬ ಜನರ ಹೆಸರು ಹೇಳಿದವಳು, 1706ರಲ್ಲಿ ಚರ್ಚಲ್ಲಿ ಎಲ್ಲರೆದುರು ತಪ್ಪಾಯಿತು ಅಂತ ಕೇಳಿಕೊಂಡಳು ಅಂದೆ. ಅಮ್ಮ ತಲೆ ಆಡಿಸಿದಳು. ಆಮೇಲೆ, 'ಸತ್ತೋರನ್ನ ಮಣ್ಣು ಮಾಡಿದ್ರಾ?' ಅಂದಳು. ಎಲ್ಲಿ ಹೂತರು ಅಂತ ಗೊತ್ತಿರೋ ಸಮಾಧಿಗಳಿಲ್ಲ ಅಂದೆ. ನೇಣು ಹಾಕಿದ ಜಾಗ ಪ್ರಾಕ್ಟರ್ಸ್ ಲೆಡ್ಜ್ ಅಂತ ಖಚಿತ ಆದದ್ದೇ 2016ರಲ್ಲಿ. ಮರುವರ್ಷ ಅಲ್ಲೊಂದು ಪುಟ್ಟ ಸ್ಮಾರಕ ಕಟ್ಟಿದರು. ಮನೆಗಳ ನಡುವೆ, ಒಂದು ಮೆಡಿಕಲ್ ಸ್ಟೋರಿನ ಹಿಂದೆ ಇದೆ.

ಆಗ ನಾನೂ ಒಂದು ಕೇಳಿದೆ. ಅವತ್ತು ಕಲ್ಲೆಸೆದಾಗ ಏರಿ ಅಜ್ಜಿ ಕೂಗಿದ್ದು ಏನು, ನಿನಗೆ ಗೊತ್ತಾ ಅಂತ.

'ಗೊತ್ತು' ಅಂದಳು. 'ನಿಂಗೆ ಜ್ವರ ಬಿಟ್ಟ ದಿನ ಕತ್ತಲಾದ ಮೇಲೆ ರಾಗಿಹಿಟ್ಟು ತಗೊಂಡು ಹೋಗಿದ್ದೆ. ಊರಿಗೆ ಹೋದಾಗಲೆಲ್ಲ ಒಂದ್ಸಲ ಕದ್ದು ಹೋಗಿ ಬರ್ತಿದ್ದೆ. ನೀನು ನನ್ನ ಮಗ ಅಂತ ಅವಳಿಗೆ ಗುರುತು ಸಿಕ್ಕಿತ್ತು. ನಿಲ್ಲೋ, ಬೀಳ್ತೀಯ, ಏರಿ ಮೇಲೆ ಜಾರುತ್ತೆ ಅಂತ ಕೂಗಿದ್ಲಂತೆ.'

ಮಾರನೇ ವರ್ಷ ಅವಳು ಸತ್ತಳು. ಎರಡು ದಿನ ಆದ ಮೇಲೆ ಗೊತ್ತಾಯಿತಂತೆ.

ಈಗ ಪ್ಲಾನಿಗೆ ಬರ್ತೀನಿ, ಯಾಕಂದ್ರೆ ಟಿಕೆಟ್ ದರ ಯಾರಿಗೂ ಕಾಯಲ್ಲ. ಮನೇಲಿ ಒಂದು ವಾರ ವಾದ ನಡೆಯಿತು. ನನಗೆ ಸೇಲಂ ಬೇಡವೇ ಬೇಡ ಅನ್ನಿಸಿತ್ತು. ಸತ್ತವರು ಮಾಟಗಾತಿಯರೇ ಅಲ್ಲ ಅನ್ನೋದೇ ಆ ಊರಿನ ಚರಿತ್ರೆ, ಅಲ್ಲಿ ಟೋಪಿ ಮಾರ್ತಾರೆ ಅಂದ್ರೆ ಏನು ಅಂತ ಅಕ್ಕನ ಜೊತೆ ಫೋನಲ್ಲಿ ಜಗಳವಾಡಿದೆ. ಅಕ್ಕ ಬಿಡಲಿಲ್ಲ. 'ಅವರು ಟೋಪಿ ಮಾರಿದ್ರೂ ಆ ಇಪ್ಪತ್ತು ಜನರ ಹೆಸರು ಕಲ್ಲಲ್ಲಿ ಕೆತ್ತಿದ್ದಾರೆ. ನಾವೇನು ಕೆತ್ತಿದ್ದೀವಿ?' ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನನ್ನ ಹೆಂಡತಿದು ಇನ್ನೊಂದು ದೂರು: 'ಪಾಪದ ಹುಡುಗ ಯುಗಾದಿಯಿಂದ ಕಾಯ್ತಿದ್ದಾನೆ. ನಿಮ್ಮ ದುಃಖಕ್ಕೆ ಅವನ ಹಬ್ಬ ಯಾಕೆ ಹಾಳು ಮಾಡ್ತೀರಾ?' ಅದೂ ನಿಜ.

ಅಕ್ಕನೇ ಇನ್ನೊಂದು ವಿಷಯ ಹೇಳಿದಳು. ಆರೋಪ ಹೊತ್ತವರಲ್ಲಿ ಎಲಿಜಬೆತ್ ಜಾನ್ಸನ್ ಅನ್ನೋ ಹೆಂಗಸಿಗೆ ಮರಣದಂಡನೆ ಆಗಿ, ನೇಣಿನಿಂದ ಹೇಗೋ ತಪ್ಪಿಸಿಕೊಂಡಳು, ಆದರೆ ಅಪರಾಧಿ ಅನ್ನೋ ಪಟ್ಟ ದಾಖಲೆಯಲ್ಲಿ ಉಳಿದೇಬಿಟ್ಟಿತ್ತು. ಅವಳಿಗೆ ಮಕ್ಕಳಿರಲಿಲ್ಲ, ಕೇಳೋರೂ ಇರಲಿಲ್ಲ. ನಾರ್ತ್ ಆಂಡೋವರ್‌ನ ಎಂಟನೇ ಕ್ಲಾಸಿನ ಮಕ್ಕಳು ಟೀಚರ್ ಜೊತೆ ಸೇರಿ ಇದನ್ನ ಹುಡುಕಿ, ಶಾಸಕರಿಗೆ ಪತ್ರ ಬರೆದು ಬರೆದು, 2022ರಲ್ಲಿ ಅವಳ ಹೆಸರಿನ ಮೇಲಿದ್ದ ಕಳಂಕ ತೆಗೆಸಿದರು. ಅಂದ್ರೆ ಸುಮಾರು 330 ವರ್ಷ ಆದ ಮೇಲೆ. ಇದನ್ನ ಕೇಳಿದ ಅಮ್ಮ, 'ಹಂಗಾದ್ರೆ ನಾನೂ ಬರ್ತೀನಿ' ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

ಈಗ ಶೀಟು ಹೀಗಿದೆ. 31ರ ಶನಿವಾರ ಸೇಲಂ ಇಲ್ಲ, ಅಕ್ಕನ ಬೀದಿಯಲ್ಲೇ ಹ್ಯಾಲೋವೀನ್. ಹುಡುಗ ಅಸ್ಥಿಪಂಜರ, ನಾನು ಡ್ರಾಕುಲಾ, ಅಮ್ಮ ಬಾಗಿಲಲ್ಲಿ ಕೂತು ಚಾಕೊಲೇಟ್ ಹಂಚೋಳು. ವೇಷ ಇಲ್ಲ. ಅವನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ವಿ, ಅಮ್ಮನೇ ಫೋನಲ್ಲಿ, 'ನಂಗೆ ಟೋಪಿ ಹಾಕಿದ್ರೆ ತಲೆನೋವು ಬರುತ್ತೆ ಪುಟ್ಟ' ಅಂದು ಮುಗಿಸಿದಳು. ಸೇಲಂಗೆ ಎರಡು ದಿನ ಮೊದಲು, 29ರ ಗುರುವಾರ. ವಾರದ ದಿನ ಜನ ಸ್ವಲ್ಪ ಕಮ್ಮಿ ಅಂತ ಆರಿಸಿದ್ದು. ಆಮೇಲೆ ನೋಡಿದರೆ ಗವರ್ನರ್ ಫಿಪ್ಸ್ ಆ ಕೋರ್ಟನ್ನ ರದ್ದು ಮಾಡಿದ್ದೂ 1692ರ ಅಕ್ಟೋಬರ್ 29ಕ್ಕೆ. ಆಗಿನ ಕ್ಯಾಲೆಂಡರ್ ಬೇರೆ, ಹಾಗಾಗಿ ಅದೇ ದಿನ ಅಂತ ಹೇಳೋಕೆ ಬರಲ್ಲ, ಆದರೂ ಸೆಲ್‌ಗೆ ಒಂದು ನೋಟ್ ಹಾಕಿಟ್ಟಿದ್ದೀನಿ.

ಮೊದಲು ಚಾರ್ಟರ್ ಸ್ಟ್ರೀಟ್ ಸ್ಮಶಾನದ ಪಕ್ಕದ ಸ್ಮಾರಕ. 1992ರಲ್ಲಿ, 300 ವರ್ಷ ತುಂಬಿದಾಗ ಕಟ್ಟಿದ್ದು. ಗಿಡ್ಡ ಕಲ್ಲುಗೋಡೆಯಿಂದ ಹೊರಚಾಚಿದ ಇಪ್ಪತ್ತು ಕಲ್ಲುಬೆಂಚು, ಒಂದೊಂದರ ಮೇಲೂ ಒಂದು ಹೆಸರು, ಸತ್ತ ತಾರೀಖು. ಜನ ಹೂವು ಇಟ್ಟು ಹೋಗ್ತಾರೆ. ಅಲ್ಲಿಂದ ಪ್ರಾಕ್ಟರ್ಸ್ ಲೆಡ್ಜ್‌ಗೆ ನಡೆದೇ ಹೋಗಬಹುದು, ಅಮ್ಮನ ಮಂಡಿಗೆ ಕ್ಯಾಬ್ ವಾಸಿ. ಆಮೇಲೆ ಸಮಯ ಇದ್ದರೆ ಪೀಬಡಿ ಎಸೆಕ್ಸ್ ಮ್ಯೂಸಿಯಂ. ಈ ಊರಿನ ಹಡಗುಗಳು ಒಂದು ಕಾಲದಲ್ಲಿ ಮೆಣಸು, ಬಟ್ಟೆ ಅಂತ ನಮ್ಮ ಕಡೆಗೆಲ್ಲ ಓಡಾಡಿದ್ದವು, 1796ರಲ್ಲಿ ಅಮೆರಿಕಾಗೆ ಮೊದಲ ಆನೆ ಕಲ್ಕತ್ತೆಯಿಂದ ತಂದವನೂ ಸೇಲಂ ಕ್ಯಾಪ್ಟನ್ನೇ. ಮ್ಯೂಸಿಯಂನಲ್ಲಿ ಭಾರತದ ಕಲೆಯ ದೊಡ್ಡ ಸಂಗ್ರಹ ಇದೆ. ಹುಡುಗನಿಗೆ ಬೀದಿಯ ಬಣ್ಣ, ಬ್ಯಾಂಡು, ವೇಷ ಹೇಗೂ ಸಿಗುತ್ತೆ, ಅಕ್ಟೋಬರಲ್ಲಿ ಅಲ್ಲಿ ಯಾವ ದಿನವೂ ಖಾಲಿ ಇರಲ್ಲ. ಅವನಿಗೆ ಟೋಪಿ ಬೇಕು ಅಂದ್ರೆ ಕೊಡಿಸ್ತೀನಿ. ಕೊಡಿಸಲ್ಲ ಅನ್ನೋಕೆ ನಾನ್ಯಾರು.

ಬೆಂಚಿನ ಮೇಲಿಡೋಕೆ ಹಿತ್ತಲ ಕನಕಾಂಬರ ಒಯ್ಯೋಣ ಅಂತ ಅಮ್ಮ ಕೇಳಿದಳು. ವಿಮಾನ ಇಳಿದ ತಕ್ಷಣ ಹೂವು, ಗಿಡ ಎಲ್ಲ ಘೋಷಿಸಿ ತೋರಿಸಬೇಕು, ರಗಳೆ ಬೇಡ, ಅಲ್ಲೇ ಕೊಳ್ಳೋಣ ಅಂದೆ. 'ಅಲ್ಲಿಯ ಹೂವಿಗೆ ವಾಸನೆ ಇರಲ್ಲ' ಅಂದಳು.

ನಿನ್ನೆ ರಾತ್ರಿ ಆ ಶೀಟಿನಲ್ಲಿ ಎಲ್ಲಕ್ಕಿಂತ ಮೇಲೆ ಇನ್ನೊಂದು ಸಾಲು ಸೇರಿಸಿದೆ. ಅಕ್ಟೋಬರ್ 10, ಶನಿವಾರ, ಮಹಾಲಯ ಅಮಾವಾಸ್ಯೆ. ಅಮ್ಮನ ತವರಲ್ಲಿ ಹಿರಿಯರ ಹಬ್ಬ. ಪ್ರತಿ ವರ್ಷ ಮಾವನ ಮನೇಲಿ ತಾತನಿಗೆ, ಅಜ್ಜಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕ್ತಾರೆ. ಈ ಸಲ ಇನ್ನೊಂದು ಎಲೆ ಹಾಕಬೇಕು, ಒಂದು ಸೀರೆ ಇಡಬೇಕು ಅನ್ನೋದು ಅಮ್ಮನ ಆಸೆ. ಸೀರೆ ಆಗಲೇ ನೆಲಮಂಗಲದಿಂದ ತಂದಿದ್ದಾಳೆ, ಹಸಿರು, ಕೆಂಪು ಅಂಚು.

ಮಾವನಿಗೆ ಫೋನ್ ಮಾಡಿ ಹೇಳಿದಳು. ಸ್ಪೀಕರಲ್ಲಿ ನಾನೂ ಕೇಳ್ತಿದ್ದೆ. ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ, 'ಈಗ್ಯಾಕಕ್ಕ ಅದೆಲ್ಲ' ಅಂದರು.

ಫೋನ್ ಇಟ್ಟ ಮೇಲೆ ನಾನು ಭೂಮಿ ವೆಬ್‌ಸೈಟ್ ತೆಗೆದು ಆ ಊರಿನ ಪಹಣಿ ನೋಡಿದೆ. ಆ ಇಪ್ಪತ್ತು ಗುಂಟೆ ಈಗ ಮಾವನ ಹೆಸರಲ್ಲಿದೆ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, 'ನಂಗೆ ಜಮೀನು ಬೇಡ ಅಂತ ನಾಳೆ ಅವನಿಗೆ ಹೇಳ್ತೀನಿ. ಒಂದು ಎಲೆ ಸಾಕು' ಅಂದಳು.

ಮಾವ ಇನ್ನೂ ಹೂಂ ಅಂದಿಲ್ಲ. ವಿಮಾನದ ಟಿಕೆಟ್ ಅಕ್ಟೋಬರ್ 21ಕ್ಕೆ, ಆಯುಧಪೂಜೆ ಮುಗಿದ ಮೇಲೆ. 10ನೇ ತಾರೀಖಿಗೆ ಕುಣಿಗಲ್ ದಾರಿಗೆ ಕಾರು ಬುಕ್ ಮಾಡಿಟ್ಟಿದ್ದೀನಿ.